ಎರಡು ಸಲ ಬಳಿದ ಸುಣ್ಣ

ಈಸ್ಟರ್ ಹಿಂದಿನ ಶನಿವಾರ ನಮ್ಮೂರಿನ ಕ್ರೈಸ್ತರ ಮನೆಗಳಲ್ಲಿ ಸುಣ್ಣ ಕಲಸುತ್ತಿದ್ದರು. ಗೋಡೆಗಲ್ಲ, ಗೋರಿಗಳಿಗೆ. ಹಿಂದಿನ ರಾತ್ರಿಯೇ ಹಳೆಯ ಎಣ್ಣೆಡಬ್ಬಿಯಲ್ಲಿ ನೀರು ಹೊಯ್ದಿಟ್ಟ ಸುಣ್ಣದ ಹಳ್ಳು ಹಿತ್ತಲಲ್ಲಿ ಬುಸುಗುಟ್ಟುತ್ತ ಅರಳುತ್ತಿತ್ತು. ಮುಂಜಾನೆ ಅದಕ್ಕೆ ಚಿಟಿಕೆ ನೀಲಿ ಬೆರೆಸಿ, ಪುಂಡಿನಾರಿನ ಕುಂಚ ಹಿಡಿದು ಅಪ್ಪ ಹೊರಟರೆ ಡಬ್ಬಿಯ ಒಂದು ಬದಿಯ ಹಿಡಿಕೆ ನನ್ನ ಕೈಗೆ. ಊರ ಹೊರಗೆ, ಹಳ್ಳದ ದಂಡೆಯ ಮೇಲೆ ನಮ್ಮ ಸಭೆಯ ಗೋರಿಗಳು. ಸುತ್ತ ಕಳ್ಳಿಯ ಬೇಲಿ, ಒಳಗೆ ನಾಲ್ಕು ಬೇವಿನ ಮರ, ಕಾಲಿಟ್ಟರೆ ಕಾಲು ಹಿಡಿಯುವ ಎರೆಮಣ್ಣು.

ನಾವು ಹೋಗುವಷ್ಟರಲ್ಲಿ ಕಾಕಾ ಬಂದಿರುತ್ತಿದ್ದ. ಅಜ್ಜನ ಗೋರಿಯ ತಲೆಕಡೆ ಅಪ್ಪನ ಪಾಲು, ಕಾಲಕಡೆ ಕಾಕಾನ ಪಾಲು. ಯಾರು ಹಂಚಿಕೊಟ್ಟಿದ್ದರೋ ತಿಳಿಯದು, ನನಗೆ ಬುದ್ಧಿ ಬಂದಾಗಿನಿಂದ ಹಾಗೇ ಇತ್ತು. ಇಬ್ಬರೂ ಬಾಗಿ ಬಳಿಯುತ್ತ ಬಳಿಯುತ್ತ ನಡುವೆ ಸಂಧಿಸಿದಾಗ ಕಾಕಾ ಬೇಕೆಂದೇ ಅಪ್ಪನ ಕೈಮೇಲೆ ಕುಂಚ ಆಡಿಸುತ್ತಿದ್ದ. ಅಪ್ಪ ಬೈಯುತ್ತಿದ್ದ. ಅಷ್ಟಾದ ಮೇಲೆ ಇಬ್ಬರೂ ಬೇವಿನ ನೆರಳಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು.

ಮರುದಿನ ನಸುಕಿನಲ್ಲಿ, ಚುಕ್ಕಿ ಇನ್ನೂ ಇರುವಾಗಲೇ, ಇಡೀ ಸಭೆ ಕಂದೀಲು, ಪೆಟ್ರೋಮ್ಯಾಕ್ಸು ಹಿಡಿದು ಹಾಡುತ್ತ ಅಲ್ಲಿಗೆ ನಡೆಯುತ್ತಿತ್ತು. ಮೂಡಲಲ್ಲಿ ಬೆಳಕು ಬಿರಿದಂತೆ ಗೋರಿಗಳು ಒಂದೊಂದಾಗಿ ಬೆಳ್ಳಗೆ ಮೇಲೇಳುತ್ತಿದ್ದವು. ಹೊಲ, ಬೇಲಿ, ಮನುಷ್ಯರ ಮುಖ ಎಲ್ಲಕ್ಕಿಂತ ಮೊದಲು ಅವೇ ಕಾಣುತ್ತಿದ್ದವು. ಸುಣ್ಣ ಯಾಕೆ ಹಚ್ಚುತ್ತಾರೆ ಎಂದು ನಾನೊಮ್ಮೆ ಆಯಿಯನ್ನು ಕೇಳಿದ್ದೆ. ಆಯಿ ಎಂದರೆ ಅಪ್ಪನ ತಾಯಿ. ಅವಳು ಸ್ವಲ್ಪವೂ ಯೋಚಿಸದೆ ಹೇಳಿದಳು: "ಎಬ್ಬಸಾಕ ಬಂದಾವ್ಗ ಹಾಸಿಗಿ ಎಲ್ಲೆಲ್ಲಿ ಅದಾವು ಅಂತ ಕಾಣಬೇಕಲ್ಲೋ."

ನಮ್ಮವರು ಸತ್ತವರನ್ನು ಸತ್ತರು ಎನ್ನುವುದಿಲ್ಲ. ಕರ್ತನಲ್ಲಿ ನಿದ್ರೆ ಹೋದರು ಎನ್ನುತ್ತಾರೆ. ಬೇರೆಯವರಿಗೆ ಇದು ಸಾವನ್ನು ಮೆತ್ತಗೆ ಹೇಳುವ ಉಪಚಾರದ ಮಾತು ಎನ್ನಿಸಬಹುದು. ಆಯಿಗೆ ಅದು ಅಕ್ಷರಶಃ ನಿಜ. ನಿದ್ರೆ ಹೋದವರು ಏಳುತ್ತಾರೆ, ಎದ್ದವರಿಗೆ ಹಸಿವಾಗುತ್ತದೆ, ಹಸಿದವರು ಉಣ್ಣಲು ಕೂಡುತ್ತಾರೆ. ಅವಳ ನಿತ್ಯಜೀವದ ಚಿತ್ರದಲ್ಲಿ ಮೋಡ ಇರಲಿಲ್ಲ, ರೆಕ್ಕೆ ಇರಲಿಲ್ಲ. ಒಂದು ದೊಡ್ಡ ಪಡಸಾಲೆ ಇತ್ತು, ಊಟ ಇತ್ತು.

ಅವಳು ಊಟದ ಮಾತು ಎತ್ತಿದಾಗೆಲ್ಲ ಅದರ ಹಿಂದೆ ಹಸಿವಿನ ಮಾತೊಂದು ಇರುತ್ತಿತ್ತು. ಆಯಿಯ ಅಜ್ಜಿ ಬರದ ಕೂಸು. 1876ರಿಂದ 78ರವರೆಗೆ ಬಿದ್ದ ಧಾತು ಬರದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು, ಮಿಶನ್ನಿನವರು ಸಾಕಿದ ಮಕ್ಕಳಲ್ಲಿ ಒಬ್ಬಳು. ತನ್ನ ಹುಟ್ಟೂರಿನ ಹೆಸರು ಆ ಕೂಸಿಗೆ ನೆನಪಿರಲಿಲ್ಲವಂತೆ, ಅವ್ವ ಎಂಬ ಶಬ್ದ ಮಾತ್ರ ನೆನಪಿತ್ತಂತೆ. ಅಜ್ಜನ ಕಡೆಯವರು ಅದಕ್ಕೂ ಹಿಂದಿನವರು, ನೇಕಾರರು. ಬಾಸೆಲ್ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿಂದ ಘಟ್ಟ ಹತ್ತಿ 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ. ಬೆಟಗೇರಿ ಮಗ್ಗದ ಊರು. ಆ ಸೀಮೆಯ ಕೆಲವು ಮನೆತನಗಳು ಯೇಸುವಿನ ಕಡೆ ಬಂದಾಗ ಹಾಸು ಹೊಕ್ಕು ಅವೇ ಉಳಿದವು, ನಂಟರು ಉಳಿಯಲಿಲ್ಲ. ಅಜ್ಜನ ಮುತ್ತಜ್ಜ ಬದುಕಿದ್ದಾಗಲೇ ಅವನ ಅಣ್ಣ ಅವನ ತಿಥಿ ಮಾಡಿದ್ದನಂತೆ.

ಇದನ್ನು ಯಾಕೆ ಹೇಳುತ್ತೇನೆಂದರೆ, ಒಡಕು ನಮ್ಮ ಸಭೆಗೆ ಆಮೇಲೆ ಹೊಕ್ಕ ರೋಗವಲ್ಲ. ಹುಟ್ಟುವಾಗಲೇ ಜೊತೆಗಿತ್ತು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರ ಕಥೆಯನ್ನು ನಮ್ಮ ಭಾನುವಾರದ ಶಾಲೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಬ್ರಾಹ್ಮಣರ ಮನೆಯ ಹುಡುಗ, ಬಾಸೆಲ್‌ಗೆ ಹೋಗಿ ಓದಿ ಬಂದು ಬೋಧಕನಾದವನು. ಅವರ ಹೆಂಡತಿ ಅವರೊಡನೆ ಬರಲಿಲ್ಲ ಎಂಬ ಸಂಗತಿ ಪಾಠದ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ನನಗೆ ಆ ಒಂದು ಸಾಲು ಉಳಿದ ಕಥೆಯಷ್ಟೇ ಭಾರ. ಮನೆಯ ಬಾಗಿಲ ಒಳಗೆ ನಿಂತ ಆ ಹೆಣ್ಣುಮಗಳನ್ನು ಯಾವ ನಿರೀಕ್ಷೆ ಸಂತೈಸಿತು? ದೇವರ ರಾಜ್ಯದ ಲೆಕ್ಕದಲ್ಲಿ ಅವಳ ಕಣ್ಣೀರೂ ಇರಲೇಬೇಕು ಎಂದು ನಾನು ನಂಬುತ್ತೇನೆ.

ನಮ್ಮ ಗೋರಿಗಳ ನಡುವೆ ಮೂರು ಜರ್ಮನ್ ಗೋರಿಗಳಿದ್ದವು. ಎರಡು ತೀರ ಚಿಕ್ಕವು, ಮಕ್ಕಳವು. ಕಲ್ಲಿನ ಮೇಲಿನ ಅಕ್ಷರ ನಮಗೆ ಓದಲು ಬರುತ್ತಿರಲಿಲ್ಲ. 1914ರಲ್ಲಿ ಯುದ್ಧ ಹತ್ತಿದಾಗ ಸರಕಾರ ಜರ್ಮನ್ ಪಾದ್ರಿಗಳನ್ನು ಶತ್ರು ದೇಶದವರೆಂದು ಅಹ್ಮದನಗರದ ಶಿಬಿರಕ್ಕೆ ಒಯ್ದಿತು. ಅದಾದ ಮೇಲೆ ಆ ಪುಟ್ಟ ಗೋರಿಗಳಿಗೆ ಸುಣ್ಣ ಹಚ್ಚಲು ರಕ್ತಸಂಬಂಧಿಗಳು ಯಾರೂ ಉಳಿಯಲಿಲ್ಲ. ಆಯಿ ಪ್ರತಿ ವರ್ಷ ಡಬ್ಬಿಯ ತಳದಲ್ಲಿ ಉಳಿದ ಸುಣ್ಣವನ್ನು ತಾನೇ ಒಯ್ದು ಅವಕ್ಕೆ ಹಚ್ಚುತ್ತಿದ್ದಳು. ಜರ್ಮನರ ಭಾಷೆಯಲ್ಲಿ ಇಂಥ ಜಾಗಕ್ಕೆ ದೇವರ ಹೊಲ ಎಂಬ ಹೆಸರಿದೆ ಎಂದು ಬಹಳ ವರ್ಷಗಳ ಮೇಲೆ ನಾನು ಓದಿ ತಿಳಿದೆ. ಆಗ ಆಯಿ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಅದು ಹೊಸ ಸುದ್ದಿಯೇನೂ ಆಗುತ್ತಿರಲಿಲ್ಲ.

ಜಗಳ ಶುರುವಾದದ್ದು 1973ರಲ್ಲಿ. ಸಭೆಗೆ ಸೇರಿದ ಒಂದು ತುಂಡು ಜಾಗ ಮಾರಿದ್ದರು, ಬಂದ ಹಣದ ಲೆಕ್ಕದಲ್ಲಿ 1,140 ರೂಪಾಯಿ ತಾಳೆಯಾಗಲಿಲ್ಲ. ಖಜಾಂಚಿ ನಮ್ಮ ಕಾಕಾ. ಲೆಕ್ಕ ತೋರಿಸಿ ಎಂದು ಹನ್ನೊಂದು ಜನ ಅರ್ಜಿ ಬರೆದರು, ಮೂರನೆಯ ಸಹಿ ನಮ್ಮಪ್ಪನದು. ಸಹಿ ಮಾಡುವ ಮೊದಲು ತಮ್ಮನ ಮನೆಗೆ ಹೋಗಿ ಒಂದು ಮಾತು ಕೇಳಬಹುದಿತ್ತು ಎಂದು ಕಾಕಾ ಸಾಯುವವರೆಗೂ ಹೇಳಿದ. ಅರ್ಜಿ ಬರುವ ಮೊದಲೇ ತಾನಾಗಿ ಪುಸ್ತಕ ತೆರೆದು ತೋರಿಸಬಹುದಿತ್ತು ಎಂದು ಅಪ್ಪ ಸಾಯುವವರೆಗೂ ಹೇಳಿದ. ಇಬ್ಬರದೂ ಖರೆ. ಆ ಹಣ ಎಲ್ಲಿ ಹೋಯಿತೆಂದು ಇಂದಿಗೂ ತಿಳಿದಿಲ್ಲ. ಕಾಕಾ ತಿಂದವನಲ್ಲ ಎಂದು ನನಗೆ ಗೊತ್ತು, ಅಪ್ಪನಿಗೂ ಗೊತ್ತಿತ್ತು.

ಆರು ತಿಂಗಳಲ್ಲಿ ಸಭೆ ಎರಡಾಯಿತು. ಒಂದೇ ಓಣಿಯಲ್ಲಿ ಎರಡು ಬದಿ. ನಮ್ಮ ಮನೆ ಒಂದು ಬದಿಗೆ, ಐದು ಮನೆ ಆಚೆಯ ಕಾಕಾನ ಮನೆ ಇನ್ನೊಂದು ಬದಿಗೆ. ಅವನ ಮಗ ನನ್ನ ಓರಗೆಯವ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಶಾಲೆಯಿಂದ ಬರುವಾಗ ರಸ್ತೆಯ ಆ ಕಡೆ ಈ ಕಡೆ ನಡೆಯತೊಡಗಿದೆವು.

ಆ ದಿನಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಒಂದು ಚಿಕ್ಕ ಸಂಗತಿ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳವರು ಕೂಡಿ ದಕ್ಷಿಣ ಭಾರತ ಸಭೆ ಎಂಬ ಒಂದೇ ಸಭೆಯಾದರು. ನಮ್ಮ ಸೀಮೆಯ ಬಾಸೆಲ್ ಮಿಶನ್ ಸಭೆಗಳು ಅದರಲ್ಲಿ ಸೇರಿದ್ದು ತಡವಾಗಿ. ಸೇರಿದ ಮೇಲೆ ಪರಿಶುದ್ಧ ಭೋಜನದ ಆರಾಧನೆಯಲ್ಲಿ ನಮಗೊಂದು ಹೊಸ ಕ್ರಮ ಬಂತು. ಭೋಜನಕ್ಕೆ ಮೊದಲು ಅಯ್ಯನವರು, ಅಂದರೆ ಸಭೆಯ ಪಾಲಕರು, ಮೇಜಿನಿಂದ ಸಮಾಧಾನ ಕೊಡುತ್ತಾರೆ. ಬಾಯಿಮಾತಿನಿಂದಲ್ಲ, ಕೈಯಿಂದ. ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಗೆ ತಾಕುತ್ತದೆ, ಇಬ್ಬರ ಎಡಗೈಗಳೂ ಅದರ ಮೇಲೆ ಮುಚ್ಚಿಕೊಳ್ಳುತ್ತವೆ. ಹಾಗೆ ಪಡೆದವರು ಪಕ್ಕದವರಿಗೆ, ಅವರು ಅವರ ಪಕ್ಕದವರಿಗೆ. ಮೇಜಿನಿಂದ ಹೊರಟ ಸಮಾಧಾನ ಸಾಲುಸಾಲಾಗಿ ಹರಿದು ಕೊನೆಯ ಬೆಂಚಿನವರೆಗೆ ಮುಟ್ಟಬೇಕು.

ಜಗಳ ಹತ್ತಿದ ಮೇಲೆ ಜನ ಕೂಡುವ ಜಾಗ ಬದಲಾದವು. ಯಾರ ಪಕ್ಕ ಯಾರು ಕೂತರೆ ಯಾರ ಕೈ ಯಾರು ಹಿಡಿಯಬೇಕಾದೀತು ಎಂದು ಲೆಕ್ಕ ಹಾಕಿ ಕೂಡುತ್ತಿದ್ದರು. ಅಪ್ಪ ಗಂಡಸರ ಕಡೆಯ ಮೂರನೆಯ ಬೆಂಚಿನ ತುದಿಗೆ, ಕಾಕಾ ನಾಲ್ಕನೆಯ ಬೆಂಚಿನ ತುದಿಗೆ. ಸಮಾಧಾನ ಅಪ್ಪನಲ್ಲಿಗೆ ಬಂದು ನಿಲ್ಲುತ್ತಿತ್ತು. ಒಂದು ಭಾನುವಾರ ಅಯ್ಯನವರು ಅಲ್ಲಿಂದ ಅದು ಮುಂದೆ ಹೋಗುವವರೆಗೆ ಕಾದರು. ಇಡೀ ಗುಡಿ ಕಾಯಿತು. ಆಗ ಅಪ್ಪ ನನ್ನ ಕೈ ಹಿಡಿದು ಸಮಾಧಾನ ಕೊಟ್ಟು ಕಣ್ಣಿನಿಂದ ಹಿಂದಕ್ಕೆ ತೋರಿಸಿದ. ನಾನು ತಿರುಗಿ ಕಾಕಾನ ಕೈ ಹಿಡಿದೆ. ಕಾಕಾನ ಅಂಗೈ ಬಿಸಿಯಾಗಿತ್ತು, ನಡುಗುತ್ತಿತ್ತು. ಹದಿನೈದು ವರ್ಷದ ನನಗೆ ಆಗ ಸಿಟ್ಟು ಬಂತು. ಇವರಿಬ್ಬರ ನಡುವೆ ದೇವರ ಸಮಾಧಾನವನ್ನು ಹೊತ್ತು ದಾಟಿಸಲು ನಾನೇ ಬೇಕಾಯಿತಲ್ಲ ಎಂಬ ಸಿಟ್ಟು.

ಅಂದು ರಾತ್ರಿ ಆಯಿಯ ಮಗ್ಗುಲಿಗೆ ಮಲಗಿ ಕೇಳಿದೆ. "ಆಯಿ, ಕಾಕಾ ಸ್ವರ್ಗಕ್ಕ ಹೋಗ್ತಾನೇನು?" ಇಲ್ಲ ಎನ್ನಲಿ ಎಂಬ ಆಸೆ ನನ್ನ ಪ್ರಶ್ನೆಯಲ್ಲಿತ್ತು.

"ಹೋಗ್ತಾನ. ನಿಮ್ಮಪ್ಪನೂ ಹೋಗ್ತಾನ. ನನಗ ಅದ ಚಿಂತಿ ಆಗೇತಿ," ಅಂದಳು ಆಯಿ. "ಅಲ್ಲಿ ಬ್ಯಾರೆ ಬ್ಯಾರೆ ಪಂಕ್ತಿ ಹಾಕೂದಿಲ್ಲಪಾ. ಇಲ್ಲಿ ಕೂಡಿ ಉಣ್ಣೂದು ಮರತಾವ್ರು ಅಲ್ಲಿ ಹ್ಯಾಂಗ ಕುಂಡರತಾರ? ಯೇಸುಸ್ವಾಮಿ ಎಬ್ಬಿಸಿ ಕಳಸೂದಿಲ್ಲ, ಖರೆ. ಆದ್ರ ಇವ್ರ ಗಂಟಲದಾಗ ತುತ್ತು ಇಳೀಬೇಕಲ್ಲ."

ಪಂಕ್ತಿ ಎಂಬ ಮಾತನ್ನು ಅವಳು ಸುಮ್ಮನೆ ಬಳಸಲಿಲ್ಲ. ಯಾರೊಡನೆ ಯಾರು ಕೂತು ಉಣ್ಣಬಹುದು ಎಂಬುದೇ ಮನುಷ್ಯನ ಬೆಲೆ ಕಟ್ಟುವ ನೆಲದಲ್ಲಿ, ಬರದ ಕೂಸಿನ ಮೊಮ್ಮಗಳು ಒಂದೇ ಮೇಜಿಗೆ ಬಂದು ಕೂತವಳು. ಅವಳಿಗೆ ನಿತ್ಯಜೀವ ಎಂದರೆ ಈ ಜಗತ್ತಿನ ತಾಪತ್ರಯದಿಂದ ಬಿಡುಗಡೆ ಎಂದು ನಾನು ತಿಳಿದಿದ್ದೆ. ಅದರಲ್ಲಿ ಇಷ್ಟು ದೊಡ್ಡ ತಾಪತ್ರಯವೂ ಇದೆ ಎಂದು ಅಂದೇ ಗೊತ್ತಾದದ್ದು.

1975ರಲ್ಲಿ ವ್ಯಾಜ್ಯ ಕೋರ್ಟು ಹತ್ತಿತು, ಗುಡಿಗೆ ಬೀಗ ಬಿತ್ತು. ಒಂದು ಬದಿಯವರು ಶಾಲೆಯ ಪಡಸಾಲೆಯಲ್ಲಿ, ಇನ್ನೊಂದು ಬದಿಯವರು ಗುಡಿಯ ಹೊರಗೆ ಹುಣಸೆಮರದ ಕೆಳಗೆ ಆರಾಧನೆ ಮಾಡತೊಡಗಿದರು. ಒಂದೇ ಹೊತ್ತಿಗೆ ಎರಡು ಕಡೆ ಒಂದೇ ಪುಸ್ತಕದಿಂದ ಬೇರೆ ಬೇರೆ ಹಾಡು ಎತ್ತುತ್ತಿದ್ದರು, ಎರಡೂ ಗಾಳಿಯಲ್ಲಿ ಕಲಸಿಕೊಂಡು ಓಣಿಯ ಮುಸಲ್ಮಾನರ, ಲಿಂಗಾಯತರ ಮನೆಗಳವರೆಗೆ ಹೋಗುತ್ತಿದ್ದವು. ಆ ಮನೆಗಳವರು ಏನೂ ಅನ್ನುತ್ತಿರಲಿಲ್ಲ. ಅವರು ಸುಮ್ಮನಿದ್ದದ್ದು ಅಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಡುತ್ತಿತ್ತು.

ಈಸ್ಟರ್ ಶನಿವಾರ ಅಪ್ಪ ಮುಂಜಾನೆ ಹೋಗುತ್ತಿದ್ದ, ಕಾಕಾ ಮಧ್ಯಾಹ್ನದ ಮೇಲೆ. ಪಾಲು ಮರೆತು ಇಬ್ಬರೂ ಗೋರಿಯ ತಲೆಯಿಂದ ಕಾಲವರೆಗೆ ಪೂರ್ತಿ ಬಳಿದು ಬರುತ್ತಿದ್ದರು. ಆ ವರ್ಷಗಳಲ್ಲಿ ನಮ್ಮ ಅಜ್ಜನ ಗೋರಿ ಊರಲ್ಲೆಲ್ಲ ಬೆಳ್ಳಗಿನದು. ಎರಡು ಸಲ ಸುಣ್ಣ ಬಳಿಸಿಕೊಂಡದ್ದು ಅದೊಂದೇ.

ಆಯಿ ತೀರಿಕೊಂಡದ್ದು 1977ರ ಜುಲೈಯಲ್ಲಿ, ಮೂರು ದಿನದಿಂದ ಬಿಡದೆ ಮಳೆ ಹಿಡಿದಾಗ. ಅವಳ ಟ್ರಂಕಿನಲ್ಲಿ ಬೇವಿನ ಸೊಪ್ಪಿನ ನಡುವೆ ಒಂದು ಬಿಳಿಯ ಬಟ್ಟೆ ಇತ್ತು. ಅಜ್ಜನ ಮಗ್ಗದಿಂದ ಇಳಿದ ಕೊನೆಯ ಬಟ್ಟೆ ಅದು. ಅದಕ್ಕೆ ಕಂಡಿಕೆ ಸುತ್ತಿಕೊಟ್ಟವಳು ತಾನೇ ಎಂದು ಹೇಳುತ್ತಿದ್ದಳು. ತನ್ನ ಮೈಗೆ ಸುತ್ತಬೇಕಾದ ಬಟ್ಟೆಯ ನೂಲನ್ನು ತನ್ನ ಕೈಯಿಂದಲೇ ಸುತ್ತಿದ್ದೇನೆ ಎಂಬುದರಲ್ಲಿ ಅವಳಿಗೆ ಒಂದು ನೆಮ್ಮದಿ ಇತ್ತು. ನಮ್ಮವ್ವ ಮತ್ತು ಕಾಕಾನ ಹೆಂಡತಿ ಚಿಗವ್ವ ಕೂಡಿ ಅವಳ ಮೈ ತೊಳೆದರು. ಹೆಂಗಸರು ಜಗಳದ ಆ ವರ್ಷಗಳಲ್ಲೂ ಬಾವಿಯ ಕಟ್ಟೆಯಲ್ಲಿ ಮಾತು ಬಿಟ್ಟಿರಲಿಲ್ಲ. ಇದನ್ನು ಬರೆದಿಡಬೇಕು, ಯಾಕೆಂದರೆ ಸಭೆಯ ಯಾವ ದಾಖಲೆಯಲ್ಲೂ ಇದು ಇಲ್ಲ.

ಗಂಡಸರು ಅಂಗಳದಲ್ಲಿ ಒಂದು ತಾಸು ದನಿ ತಗ್ಗಿಸಿ ವಾದಿಸಿದರು. ಪ್ರಾರ್ಥನೆ ಯಾರದು, ಶಾಲೆಯ ಕಡೆಯ ಅಯ್ಯನವರದೋ ಹುಣಸೆಮರದ ಕಡೆಯವರದೋ? ಕೊನೆಗೆ ಪಕ್ಕದ ಊರಿನ, ದಕ್ಷಿಣ ಭಾರತ ಸಭೆಗೆ ಸೇರದೆ ಉಳಿದಿದ್ದ ಮೆಥೋಡಿಸ್ಟ್ ಸಭೆಯ ಪಾಲಕರಿಗೆ ಹೇಳಿಕಳಿಸಿದರು. ಅವರು ಬಸ್ಸು ಹಿಡಿದು, ತೊಯ್ದು ತೊಪ್ಪೆಯಾಗಿ ಬಂದರು. ನಮ್ಮ ಒಂದಾದ ಸಭೆಯ ಹೊರಗಿನವರು ಬಂದು ನಮ್ಮ ಆಯಿಯನ್ನು ಮಣ್ಣು ಮಾಡಬೇಕಾಯಿತು.

ಎರೆಹೊಲದಲ್ಲಿ ತೆಗೆದ ಕುಣಿಗೆ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ನಾವು ಹೆಣ ಹೊತ್ತು ಹೋಗುವಷ್ಟರಲ್ಲಿ ಮೊಣಕಾಲುದ್ದ ನೀರು. ಒಂದು ಬದಿಗೆ ಅವರು, ಒಂದು ಬದಿಗೆ ಇವರು, ನಡುವೆ ಆ ಕುಣಿ. ಯಾರೂ ಇಳಿಯಲಿಲ್ಲ. ಅಪ್ಪ ಧೋತರ ಮೇಲೆತ್ತಿ ಕಟ್ಟಿ ಇಳಿದ. ಅವನು ಇಳಿದದ್ದು ಕಂಡು ಆ ಬದಿಯಿಂದ ಕಾಕಾ ಇಳಿದ. ಒಂದೇ ಬಕೆಟ್ಟು ಇತ್ತು. ಅಪ್ಪ ತುಂಬಿ ಕೊಟ್ಟ, ಕಾಕಾ ಮೇಲೆತ್ತಿ ಚೆಲ್ಲಿದ, ಬರಿದಾದದ್ದನ್ನು ತಿರುಗಿ ಕೊಟ್ಟ. ಎಷ್ಟು ಹೊತ್ತೋ ತಿಳಿಯದು. ಒಂದು ಮಾತಿಲ್ಲ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೀರು ಇಳಿದ ಮೇಲೆ ತಳಕ್ಕೆ ಬೇವಿನ ಸೊಪ್ಪು ಹಾಸಿದರು, ಅದನ್ನೂ ಇಬ್ಬರೇ ಹಾಸಿದರು. ಪಾಲಕರು ಕೊಡೆಯ ಕೆಳಗೆ ಪುಸ್ತಕ ಹಿಡಿದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯ ಓದಿದರು. ಬಿತ್ತಿದ ಕಾಳು ಸಾಯದೆ ಜೀವ ತಾಳದು ಎಂಬರ್ಥದ ಮಾತು ಬರುವ ಅಧ್ಯಾಯ. ನಮ್ಮಲ್ಲಿ ಮಣ್ಣು ಮಾಡುವಾಗೆಲ್ಲ ಓದುವುದು ಅದನ್ನೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಕುಣಿಯಿಂದ ಮೇಲೆ ಬಂದ ಅಣ್ಣ ತಮ್ಮ ಬೇರೆ ಬೇರೆ ದಾರಿ ಹಿಡಿದು ಮನೆಗೆ ಹೋದರು, ಮತ್ತೆ ಮಾತಾಡಲಿಲ್ಲ. ನಾನು ಧಾರವಾಡಕ್ಕೆ ಓದಲು ಹೋದೆ, ಕನ್ನಡ ಮೇಷ್ಟರಾದೆ, ಗುಡಿಗೆ ಹೋಗುವುದನ್ನು ಬಿಟ್ಟೆ. ಪರಲೋಕದ ಹಾಡು ಹಾಡುತ್ತ ಇಹಲೋಕದಲ್ಲಿ ಬೀಗ ಜಡಿದುಕೊಳ್ಳುವ ಜನರ ನಿರೀಕ್ಷೆ ನನಗೆ ಬೇಡವಾಗಿತ್ತು. ಯಾರಾದರೂ ತೀರಿಕೊಂಡಾಗ ಹೋಗಲಿ ಬಿಡು, ಕರ್ತನ ಹತ್ತಿರ ಆರಾಮ ಇದ್ದಾರೆ ಎಂಬ ಸಮಾಧಾನದ ಮಾತು ಕೇಳಿದರೆ ಎದೆಯಲ್ಲಿ ಏನೋ ಬಿಗಿಯುತ್ತಿತ್ತು. ಇಲ್ಲಿ ಮಾಡಿದ ಅನ್ಯಾಯ, ಆಡಿದ ಮಾತು ಎಲ್ಲದರ ಮೇಲೆ ಹೊದಿಸುವ ಬಟ್ಟೆಯೇ ಈ ನಿತ್ಯಜೀವ ಎಂದು ಕೇಳುತ್ತಿದ್ದೆ. ಕೇಳಲು ಯಾರೂ ಇರಲಿಲ್ಲ.

ಏಳೆಂಟು ವರ್ಷ ಕಳೆದಿರಬೇಕು. ಒಂದು ರಾತ್ರಿ ಆಯಿಯ ಸತ್ಯವೇದವನ್ನು ತೆಗೆದು ಆ 15ನೆಯ ಅಧ್ಯಾಯಕ್ಕೆ ಹೋದೆ. ಅಂದು ಮಾತ್ರ, ಯಾಕೋ, ಅಲ್ಲಿಂದ ಓದದೆ ಪತ್ರಿಕೆಯನ್ನು ಮೊದಲ ಅಧ್ಯಾಯದಿಂದ ಹಿಡಿದೆ. ಮಣ್ಣು ಮಾಡುವಾಗ ಕೇಳಿ ಕೇಳಿ ಆ ಒಂದು ಅಧ್ಯಾಯ ನನಗೆ ಬಾಯಿಪಾಠವಾಗಿತ್ತು, ಉಳಿದದ್ದನ್ನು ಒಟ್ಟಿಗೆ ಓದಿರಲೇ ಇಲ್ಲ.

ಮೊದಲ ಅಧ್ಯಾಯದಲ್ಲೇ ಜಗಳ. ಕೊರಿಂಥದ ಸಭೆಯಲ್ಲಿ ಪಾರ್ಟಿಗಳಾಗಿವೆ, ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ, ನಾನು ಕೇಫನ ಕಡೆ ಎಂದು. 6ನೆಯ ಅಧ್ಯಾಯಕ್ಕೆ ಬಂದರೆ ಒಬ್ಬರ ಮೇಲೊಬ್ಬರು ಕೋರ್ಟು ಹತ್ತಿದ್ದಾರೆ, ಅದಕ್ಕಿಂತ ನಷ್ಟ ತಾಳಿಕೊಳ್ಳಬಾರದೇ ಎಂದು ಪೌಲ ಸಂಕಟದಿಂದ ಕೇಳುತ್ತಾನೆ. 11ನೆಯದರಲ್ಲಿ ಕರ್ತನ ಭೋಜನಕ್ಕೆ ಕೂಡಿಬಂದವರಲ್ಲಿ ಉಳ್ಳವರು ತಮ್ಮಷ್ಟಕ್ಕೆ ಉಂಡು ಮುಗಿಸುತ್ತಾರೆ, ಇಲ್ಲದವರು ಹಸಿದು ನೋಡುತ್ತಾರೆ. ಬೇರೆ ಬೇರೆ ಪಂಕ್ತಿ! ಇಷ್ಟೆಲ್ಲ ಆದ ಮೇಲೆ, ಇದೇ ಜನರಿಗೆ, ಆ 15ನೆಯ ಅಧ್ಯಾಯ. ಸತ್ತವರು ಏಳುತ್ತಾರೆ ಎಂಬ ಮಾತನ್ನು ಅವನು ಸಾಧುಸಂತರಿಗೆ ಬರೆದದ್ದಲ್ಲ. ನಮ್ಮ ಓಣಿಯವರಂಥವರಿಗೆ ಬರೆದದ್ದು.

ನಾನು ಎದ್ದು ನೀರು ಕುಡಿದು ಬಂದು ಮತ್ತೆ ಓದಿದೆ. ಆ ಅಧ್ಯಾಯದ ಕಡೆಯ ಮಾತು ಸ್ವರ್ಗದ ಬಗ್ಗೆ ಇಲ್ಲ, ದುಡಿಮೆಯ ಬಗ್ಗೆ ಇದೆ. ಸತ್ತವರು ಏಳುವುದು ನಿಜವಾದ್ದರಿಂದ ನೀವು ಪಟ್ಟ ಶ್ರಮ ವ್ಯರ್ಥವಾಗದು ಎಂಬ ತಾತ್ಪರ್ಯ. ಪುಟ ತಿರುಗಿಸಿದರೆ 16ನೆಯ ಅಧ್ಯಾಯದ ಆರಂಭ: ಬಡ ವಿಶ್ವಾಸಿಗಳಿಗಾಗಿ ವಾರ ವಾರ ಹಣ ತೆಗೆದಿಡಿ, ಅದನ್ನು ಯೆರೂಸಲೇಮಿಗೆ ಒಯ್ಯಲು ನೀವೇ ಒಪ್ಪಿದ ಜನರನ್ನು ಆರಿಸಿ. ಕೊನೆಯ ಕಹಳೆ ಊದಿ ಮರಣ ನುಂಗಿಹೋದ ಮರುಸಾಲಿನಲ್ಲೇ ಲೆಕ್ಕದ ಪುಸ್ತಕ! 1,140 ರೂಪಾಯಿ ನೆನಪಾಗಿ ನನಗೆ ಅಳು ಬಂತು. ಪುನರುತ್ಥಾನವನ್ನು ನಂಬುವವರು ಹಣದ ಲೆಕ್ಕವನ್ನು ಎಲ್ಲರೆದುರು ತೆರೆದಿಡಬೇಕಿತ್ತು. ತೆರೆದಿಡದವನನ್ನು ಅರ್ಜಿಗೆ ಮೊದಲು ಮನೆಗೆ ಹೋಗಿ ಕಾಣಬೇಕಿತ್ತು. ಇವೆಲ್ಲ ಆ ನಿರೀಕ್ಷೆಯ ಹೊರಗಿನ ಸಂಗತಿಗಳಲ್ಲ.

ಆ ಮೇಲೆ ನಾನು ಬಿಷಪ್ ಅಜರಯ್ಯನವರ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದೆ. 1912ರಲ್ಲಿ ದೋರ್ಣಕಲ್ಲಿನ ಬಿಷಪ್ ಆದವರು, ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯ. ಹೊರದೇಶದ ಜಗಳಗಳನ್ನು ನಮ್ಮ ಬೆನ್ನಿಗೆ ಯಾಕೆ ಕಟ್ಟಿದಿರಿ ಎಂಬ ನೋವು ಹೊತ್ತವರು. 1919ರಲ್ಲಿ ತರಂಗಂಬಾಡಿಯಲ್ಲಿ ಕೆಲವು ಬೋಧಕರು ಕೂಡಿ ಒಂದಾಗುವ ಮಾತು ಎತ್ತಿದಾಗ ಮುಂದಿದ್ದವರು. ಆ ಮಾತು ನಿಜವಾಗಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು. ಕಾದದ್ದು ಅಷ್ಟು ವರ್ಷ, ಕಾಣಲು ಉಳಿದಿದ್ದದ್ದು ಮೂರು ವರ್ಷಕ್ಕೂ ಕಡಿಮೆ. 1947ರಲ್ಲಿ ಮದ್ರಾಸಿನ ಆ ಬೆಳಗ್ಗೆ ಅವರು ಎಲ್ಲಿದ್ದರು? ಗೋರಿಯಲ್ಲಿ ಎಂಬುದೇ ಪೂರ್ತಿ ಉತ್ತರವಾದರೆ ನಮ್ಮ ವಿಶ್ವಾಸಪ್ರಮಾಣದಲ್ಲಿ ಪರಿಶುದ್ಧರ ಅನ್ಯೋನ್ಯತೆ ಎಂದು ನಾವು ಹೇಳುವುದು ಸುಳ್ಳು. ನಾನು ಅದನ್ನು ಸುಳ್ಳೆಂದು ನಂಬಲಾರೆ. ಮುಂದಿನ ಭಾನುವಾರ ಗುಡಿಗೆ ಹೋದೆ, ಹಿಂದಿನ ಬೆಂಚಿನಲ್ಲಿ ಕೂತೆ.

ನಮ್ಮೂರಿನ ವ್ಯಾಜ್ಯ 1988ರಲ್ಲಿ ರಾಜಿಯಾಗಿ ಬೀಗ ತೆಗೆದರು. ಹದಿಮೂರು ವರ್ಷ ಮುಚ್ಚಿದ್ದ ಗುಡಿಯಲ್ಲಿ ಬಾವಲಿಗಳಿದ್ದವು. ಅಪ್ಪ, ಕಾಕಾ ಇಬ್ಬರೂ ಅದೇ ಗುಡಿಗೆ ಹೋಗತೊಡಗಿದರು, ಹಳೆಯ ಬೆಂಚುಗಳಲ್ಲೇ ಕೂತರು. ಮಾತು ಮಾತ್ರ ಬರಲಿಲ್ಲ. ಇಷ್ಟು ವರ್ಷ ಬಿಟ್ಟ ಮಾತನ್ನು ಎಲ್ಲಿಂದ ಹಿಡಿಯುವುದು ಎಂದು ಇಬ್ಬರಿಗೂ ತಿಳಿಯದಾಗಿತ್ತೆಂದು ನನಗನ್ನಿಸುತ್ತದೆ. ಅಪ್ಪ 1996ರ ಫೆಬ್ರವರಿಯಲ್ಲಿ ಹೋದ, ನಿದ್ರೆಯಲ್ಲೇ. ಕೊನೆಯ ಭೇಟಿ, ಕೊನೆಯ ಕ್ಷಮೆ ಏನೂ ಆಗಲಿಲ್ಲ. ಕಾಕಾ ಮಣ್ಣಿಗೆ ಬಂದ, ಒಂದು ಹಿಡಿ ಮಣ್ಣು ಹಾಕಿದ, ಹೋದ.

ಎರಡು ತಿಂಗಳಿಗೆ ಈಸ್ಟರ್ ಬಂತು. ಶನಿವಾರ ಮುಂಜಾನೆ ಡಬ್ಬಿ ಹಿಡಿದು ಒಬ್ಬನೇ ಹೋದೆ. ಬೇವಿನ ಕೆಳಗೆ ಕಾಕಾ ಕೂತಿದ್ದ. ಪಕ್ಕದಲ್ಲಿ ಸುಣ್ಣ, ಕುಂಚ. ಅಜ್ಜನ ಗೋರಿ ಬಳಿಯದೆ ಹಾಗೇ ಇತ್ತು. ಅವನು ಬಂದು ಬಹಳ ಹೊತ್ತಾಗಿತ್ತೆಂದು ಕಾಣುತ್ತದೆ, ಡಬ್ಬಿಯ ಮೇಲಿನ ಸುಣ್ಣ ಕೆನೆಗಟ್ಟಿತ್ತು.

"ಬಾ," ಅಂದ. "ತಲಿಕಡೆ ನಿಮ್ಮಪ್ಪ ಹಚ್ಚತಿದ್ದ. ನನಗ ಅಲ್ಲಿ ಕೈ ಹೋಗವಲ್ದು."

ನಾನು ತಲೆಕಡೆ ಕೂತೆ. ಅಜ್ಜನದು, ಆಯಿಯದು ಮುಗಿದವು. ಅಪ್ಪನ ಗೋರಿ ಇನ್ನೂ ಹಸಿ ಮಣ್ಣಿನ ದಿಬ್ಬ, ಅದರ ಮೇಲೆ ಸುಣ್ಣ ನಿಲ್ಲುವುದಿಲ್ಲ. ಕಾಕಾ ಅದರ ಸುತ್ತ ಕಲ್ಲು ಜೋಡಿಸಿ ಆ ಕಲ್ಲುಗಳಿಗೆ ಬಳಿದ. ಬಳಿಯುತ್ತ ಬಳಿಯುತ್ತ, ನನಗೆ ಹೇಳಿದನೋ ಅಪ್ಪನಿಗೆ ಹೇಳಿದನೋ, "ಲೆಕ್ಕದ ಬುಕ್ಕು ತೋರಸಬೇಕಾಗಿತ್ತು ನಾ," ಅಂದ. ಆ ಮೇಲೆ ಆ ಎರಡು ಜರ್ಮನ್ ಮಕ್ಕಳ ಗೋರಿಗೂ ಹೋದ. ತಳದ ಸುಣ್ಣವನ್ನಲ್ಲ, ಅವಕ್ಕಾಗಿಯೇ ಬೇರೆ ಒಂದು ತಂಬಿಗೆ ತಂದಿದ್ದ.

ಈಗ ಕಾಕಾನೂ ಇಲ್ಲ, ಚಿಗವ್ವನೂ ಇಲ್ಲ. ಅವನ ಮಗ, ನನ್ನ ಓರಗೆಯವ, ನಮ್ಮ ಸಭೆ ಬಿಟ್ಟು ಅಂಗಡಿಯ ಮಾಳಿಗೆಯ ಮೇಲೆ ಸೇರುವ ಪ್ರಾರ್ಥನಾಕೂಟಕ್ಕೆ ಹೋಗುತ್ತಾನೆ. ಕೂಸಿದ್ದಾಗ ಆದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲವೆಂದು ಮತ್ತೆ ನೀರಲ್ಲಿ ಮುಳುಗಿ ಎದ್ದಿದ್ದಾನೆ. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮಿಬ್ಬರ ಹಣೆಗೂ ಒಂದೇ ದಿನ ಒಂದೇ ಬೋಗುಣಿಯ ನೀರು ಬಿದ್ದಿತ್ತು, ಅದನ್ನು ಇವನು ಅಲ್ಲಗಳೆದನಲ್ಲ ಎಂದು. ಅವನ ಕೂಟದವರು ಗೋರಿಗಳಿಗೆ ಸುಣ್ಣ ಬಳಿಯುವುದಿಲ್ಲ, ಅದೆಲ್ಲ ಹಳೆಯ ಪದ್ಧತಿ ಎನ್ನುತ್ತಾರೆ.

ಹೋದ ವರ್ಷ ಶನಿವಾರ ನಾನು ಹೋದಾಗ ಅವನು ಬೇಲಿಯ ಹತ್ತಿರ ಮೋಟರ್ ಸೈಕಲ್ ನಿಲ್ಲಿಸಿ ನಿಂತಿದ್ದ. ಕೈಯಲ್ಲಿ ಅಂಗಡಿಯಿಂದ ತಂದ ಸುಣ್ಣದ ಪುಡಿಯ ಪೊಟ್ಟಣ. ಹಳ್ಳು ಎಲ್ಲೂ ಸಿಗಲಿಲ್ಲ ಎಂದ. ಮೊಣಕಾಲು ಮಡಿಸಲು ಇಬ್ಬರಿಗೂ ಆಗದು, ಗೋರಿಯ ಅಂಚಿನ ಮೇಲೆ ಕೂತೇ ಬಳಿದೆವು. ಅವನು ಕಾಲಕಡೆ, ನಾನು ತಲೆಕಡೆ. ಬಹಳ ಹೊತ್ತು ಮಾತಿರಲಿಲ್ಲ.

"ನಾಳೆ ನಸುಕಿಗೆ ಬರತೀಯೇನು?" ಕೇಳಿದೆ.

"ನಮ್ಮ ಕೂಟ ಹತ್ತಕ್ಕ ಐತಿ," ಅಂದ. ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದ. "ನಸುಕಿಗೆ ಬರತೇನಿ. ಹತ್ತಕ್ಕ ಅಲ್ಲಿಗೆ ಹೋಗತೇನಿ."

ಹೊತ್ತು ಇಳಿಯುತ್ತಿತ್ತು. ಚಿಗವ್ವನ ಗೋರಿ ಇನ್ನೂ ಉಳಿದಿತ್ತು. ಡಬ್ಬಿಯ ಒಂದು ಹಿಡಿಕೆ ಅವನು ಹಿಡಿದ, ಇನ್ನೊಂದನ್ನು ನಾನು ಹಿಡಿದೆ.